ಬಿಟ್ಟು ಹೋದ ಹುಡುಗ ನಮ್ಮ ಗಿರಾಕಿಗಳಿಗೇ ಫೋನ್ ಮಾಡ್ತಿದ್ದಾನೆ, ಏನು ಮಾಡೋದು?

ಮಂಗಳೂರಲ್ಲಿ ಸಿಸಿ ಕ್ಯಾಮೆರಾ, ಇನ್ವರ್ಟರ್, ವಾಟರ್ ಪ್ಯೂರಿಫೈಯರ್ ಹಾಕಿ ಸರ್ವಿಸ್ ಕೊಡುವ ಅಂಗಡಿಯವರು ಇಬ್ಬರು ಸಿಕ್ಕಿದರೆ ಮಾತು ಸುತ್ತಿ ಬಳಸಿ ಇಲ್ಲಿಗೇ ಬರುತ್ತದೆ. ಕೆಲಸ ಕಲಿಸಿದ ಹುಡುಗ ಬಿಟ್ಟು ಹೋದ. ಬೇರೆ ಕಂಪನಿ ಸೇರಿದ, ಇಲ್ಲವೇ ಸುರತ್ಕಲ್ ಕಡೆ ತನ್ನದೇ ಒಂದು ಕೋಣೆ ಹಿಡಿದ. ಆಮೇಲೆ ನಾವು ಎಎಂಸಿ (ವರ್ಷದ ಸರ್ವಿಸ್ ಕರಾರು) ರಿನೀವಲ್‌ಗೆ ಫೋನ್ ಮಾಡಿದರೆ ಗಿರಾಕಿ ಹೇಳುತ್ತಾರೆ, "ಅದು ಮೊನ್ನೆಯೇ ಆಯ್ತಲ್ಲ ಮಾರಾಯ್ರೆ, ನಿಮ್ಮ ಹುಡುಗನೇ ಬಂದು ದುಡ್ಡು ತೆಗೆದುಕೊಂಡು ಹೋದ."

ಇದು ಮುಖ್ಯವಾಗಿ ಅಂಥ ಸಣ್ಣ ಅಂಗಡಿಯವರಿಗೆ. ಟ್ಯಾಕ್ಸ್ ಆಫೀಸು, ಬಂದರಿನ ಕ್ಲಿಯರಿಂಗ್ ಏಜೆನ್ಸಿ, ಮಣಿಪಾಲದ ಸಾಫ್ಟ್‌ವೇರ್ ಕಂಪನಿ, ಇವರಿಗೂ ಹೆಚ್ಚುಕಮ್ಮಿ ಇದೇ ಲೆಕ್ಕ. ಕೆಲಸ ಬಿಡುತ್ತಿರುವ ಹುಡುಗರಿಗೂ ಕೊನೆಯಲ್ಲಿ ನಾಲ್ಕು ಮಾತು ಉಂಟು. ನಾನು ವಕೀಲ ಅಲ್ಲ, ವ್ಯಾಪಾರದವನು. ಕೋರ್ಟಿಗೆ ಹೋಗುವ ಹಂತ ಬಂದರೆ ವಕೀಲರನ್ನು ಕೇಳಲೇಬೇಕು. ಆದರೆ ವಕೀಲರ ಹತ್ತಿರ ಹೋಗುವ ಮೊದಲೇ ಮಾಡಬೇಕಾದ ಕೆಲಸ ಬೇಕಾದಷ್ಟಿದೆ, ಅದನ್ನು ಹೇಳುವವರು ಕಮ್ಮಿ.

ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ. ಗಿರಾಕಿ ನಿಮ್ಮ ಸ್ವತ್ತಲ್ಲ. ಗಿರಾಕಿಗಳ ಪಟ್ಟಿ ನಿಮ್ಮ ಸ್ವತ್ತು. ಕೋರ್ಟಿನಲ್ಲಿ ನಿಲ್ಲುವುದು, ನಿಲ್ಲದಿರುವುದು ಎಲ್ಲ ಈ ಗೆರೆಯ ಆಚೆ ಈಚೆಯೇ ಇದೆ. ನಮ್ಮವರು ಸಿಟ್ಟಿನಲ್ಲಿ ಗಿರಾಕಿಗಾಗಿ ಜಗಳ ಆಡುತ್ತಾರೆ, ಪಟ್ಟಿಯನ್ನು ಮಾತ್ರ ಬಾಗಿಲು ತೆರೆದಿಟ್ಟು ಬಿಟ್ಟಿರುತ್ತಾರೆ.

ಮೊದಲು ಆ ಅಗ್ರಿಮೆಂಟ್ ವಿಷಯ

"ನಾನು ಬರೆಸಿಕೊಂಡಿದ್ದೇನೆ, ಎರಡು ವರ್ಷ ಅವನು ಈ ಲೈನ್‌ನಲ್ಲೇ ಕೆಲಸ ಮಾಡುವ ಹಾಗಿಲ್ಲ" ಎನ್ನುವವರು ತುಂಬ ಜನ. ಆ ಧೈರ್ಯ ಬೇಡ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಇದೆ. ಒಬ್ಬನು ನ್ಯಾಯವಾದ ಉದ್ಯೋಗವನ್ನೋ ವ್ಯಾಪಾರವನ್ನೋ ಮಾಡದಂತೆ ತಡೆಯುವ ಕರಾರು ಅಷ್ಟರ ಮಟ್ಟಿಗೆ ನಡೆಯುವುದಿಲ್ಲ ಎಂದು ಅದು ಹೇಳುತ್ತದೆ. ಅವನು ಒಪ್ಪಿ ಸಹಿ ಹಾಕಿದ್ದರೂ ಅಷ್ಟೇ, ನೀವು ಇ-ಸ್ಟ್ಯಾಂಪ್ ಕಾಗದದಲ್ಲಿ ಮಾಡಿಸಿದ್ದರೂ ಅಷ್ಟೇ.

ಸುಪ್ರೀಂ ಕೋರ್ಟ್ 1967ರಲ್ಲಿ ಸೆಂಚುರಿ ಸ್ಪಿನ್ನಿಂಗ್ ಕಂಪನಿಯ ಪ್ರಕರಣದಲ್ಲಿ ಕೆಲಸದ ಅವಧಿಯ ಒಳಗಿನ ನಿರ್ಬಂಧವನ್ನು ಒಪ್ಪಿತು. ಅಂದರೆ ಒಪ್ಪಿಕೊಂಡ ಅವಧಿಯಲ್ಲಿ ಎದುರಾಳಿಗೆ ದುಡಿಯಬಾರದು ಎನ್ನುವ ಷರತ್ತು ಸರಿ. ಆದರೆ 1980ರಲ್ಲಿ ಸೂಪರಿಂಟೆಂಡೆನ್ಸ್ ಕಂಪನಿಯ ಪ್ರಕರಣ ಬಂದಾಗ, ಕೆಲಸ ಬಿಟ್ಟ ಮೇಲೂ ಅದೇ ವ್ಯಾಪಾರ ಮಾಡಬಾರದು ಎಂಬ ಷರತ್ತು ಕೋರ್ಟಿನ ಮುಂದೆ ನಿಲ್ಲಲಿಲ್ಲ. ಇವತ್ತಿಗೂ ಹೆಚ್ಚುಕಮ್ಮಿ ದಾರಿ ಇದೇ. ಅವನು ಬಿಟ್ಟ ದಿನದಿಂದ ಅವನ ಹೊಟ್ಟೆಪಾಡನ್ನು ನೀವು ತಡೆಯಲು ಬರುವುದಿಲ್ಲ.

ಇತ್ತೀಚೆಗೆ ಕೆಲವರು ವಿಜಯ ಬ್ಯಾಂಕ್ ತೀರ್ಪು ತೋರಿಸಿ "ಈಗ ಬಾಂಡ್ ನಡೆಯುತ್ತದೆ" ಎನ್ನುತ್ತಾರೆ. 1931ರಲ್ಲಿ ನಮ್ಮ ಮಂಗಳೂರಿನಲ್ಲೇ ಹುಟ್ಟಿದ ಬ್ಯಾಂಕ್ ಅಲ್ವಾ, ಹಾಗಾಗಿ ಊರಲ್ಲಿ ಸುದ್ದಿ ಜಾಸ್ತಿ ಓಡಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಬೇರೆ. ಮೂರು ವರ್ಷ ತುಂಬುವ ಮೊದಲು ಬಿಟ್ಟರೆ 2 ಲಕ್ಷ ಕೊಡಬೇಕು ಎಂಬ ಷರತ್ತನ್ನು ಅದು ಎತ್ತಿಹಿಡಿಯಿತು. ಆ ಷರತ್ತು ಕೆಲಸದ ಅವಧಿಗೆ ಸಂಬಂಧಪಟ್ಟದ್ದು, ಬಿಟ್ಟ ಮೇಲೆ ಎಲ್ಲಿಗೆ ಹೋಗಬಾರದು ಎನ್ನುವುದಲ್ಲ. ಸರ್ಕಾರಿ ಬ್ಯಾಂಕಿಗೆ ಮತ್ತೆ ನೇಮಕಾತಿ ಮಾಡುವ ಖರ್ಚು ದೊಡ್ಡದು ಎನ್ನುವ ಮಾತೂ ಅಲ್ಲಿತ್ತು. ಹದಿನೆಂಟು ಸಾವಿರ ಸಂಬಳದ ಟೆಕ್ನಿಷಿಯನ್‌ಗೆ 10 ಲಕ್ಷದ ಬಾಂಡ್ ಬರೆಸಿದವರಿಗೆ ಅದರಲ್ಲಿ ಏನೂ ಸಿಗುವುದಿಲ್ಲ. ಕರಾರಿನಲ್ಲಿ ಎಷ್ಟೇ ದೊಡ್ಡ ಮೊತ್ತ ಬರೆದಿದ್ದರೂ ಅದೇ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಕೋರ್ಟ್ ಕೊಡಿಸುವುದು ನ್ಯಾಯವಾದಷ್ಟು ಪರಿಹಾರ ಮಾತ್ರ.

ಹಾಗಾದರೆ "ಗಿರಾಕಿಗಳನ್ನು ಎಳೆಯಬಾರದು" ಎನ್ನುವ ಷರತ್ತು? ಅದು ಮಧ್ಯದ ಜಾಗ. 2006ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಬ್ಯಾಂಕಿನ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಉದ್ಯೋಗಿಯ ಪರ ನಿಂತಿತು. ಗಿರಾಕಿಗಳ ಸಂಪರ್ಕ ನಮ್ಮದೊಬ್ಬರದೇ ಎಂದು ಬ್ಯಾಂಕ್ ಹೇಳಲು ಆಗಲಿಲ್ಲ. ಅದೇ ಹೈಕೋರ್ಟ್ 2009ರಲ್ಲಿ ಡೆಸಿಕ್ಯಾಂಟ್ ರೋಟರ್ಸ್ ಕಂಪನಿಯ ಪ್ರಕರಣದಲ್ಲಿ, ಮಾಜಿ ಉದ್ಯೋಗಿ ಎದುರಾಳಿ ಕಂಪನಿಯಲ್ಲಿ ಕೆಲಸ ಮಾಡಬಹುದು, ಆದರೆ ಹಳೆಯ ಕಂಪನಿಯ ಗಿರಾಕಿಗಳ ಹತ್ತಿರ ವ್ಯಾಪಾರ ಕೇಳಿಕೊಂಡು ಹೋಗಬಾರದು ಎಂದಿತು. ಅಂದರೆ ಅವನ ಕೆಲಸ ನಿಲ್ಲಿಸಲು ಹೊರಟರೆ ಸೋಲು. ಅವನು ಮಾಡಿದ ಇಂಥದೇ ಒಂದು ತಪ್ಪನ್ನು ತೋರಿಸಿ ಅಷ್ಟನ್ನು ಮಾತ್ರ ನಿಲ್ಲಿಸಿ ಎಂದರೆ ಕೇಳುವ ಕಿವಿ ಉಂಟು.

ಪಟ್ಟಿ ಕದ್ದಿದ್ದರೆ ಮಾತ್ರ ನಿಮ್ಮ ಕೈ ಗಟ್ಟಿ. 1995ರಲ್ಲೇ ಬರ್ಲಿಂಗ್‌ಟನ್ ಹೋಮ್ ಶಾಪಿಂಗ್ ಎನ್ನುವ ಮೇಲ್ ಆರ್ಡರ್ (ಅಂಚೆಯಲ್ಲಿ ಸಾಮಾನು ಕಳಿಸುವ) ಕಂಪನಿಯ ಪ್ರಕರಣದಲ್ಲಿ, ಶ್ರಮಪಟ್ಟು ಮಾಡಿದ ಗಿರಾಕಿಗಳ ಪಟ್ಟಿಗೆ ಕಾಪಿರೈಟ್ ಉಂಟು ಎಂದು ದೆಹಲಿ ಹೈಕೋರ್ಟ್ ಒಪ್ಪಿತ್ತು. ಜೊತೆಗೆ 2000ದ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆ ಇದೆ. ಅನುಮತಿ ಇಲ್ಲದೆ ಕಂಪ್ಯೂಟರ್‌ನಿಂದ ಡೇಟಾ ಇಳಿಸಿಕೊಳ್ಳುವುದು, ಕಾಪಿ ಮಾಡುವುದು 43ನೇ ಸೆಕ್ಷನ್‌ಗೆ ಬರುತ್ತದೆ. ಮೋಸದ ಉದ್ದೇಶ ಇದ್ದರೆ 66ರ ಪ್ರಕಾರ ಮೂರು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ, ಅಥವಾ ಎರಡೂ.

ಪಾಲುದಾರರಾದರೆ ಕಥೆ ಬೇರೆ. ಇದು ಹೋಟೆಲ್, ಅಂಗಡಿಗಳಲ್ಲಿ ಪಾಲುದಾರಿಕೆ ಜಾಸ್ತಿ ಇರುವ ನಮ್ಮ ಊರಿನವರಿಗೆ ಗೊತ್ತಿರಲೇಬೇಕು. 1932ರ ಪಾಲುದಾರಿಕೆ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ, ಬಿಟ್ಟುಹೋದ ಪಾಲುದಾರ ಎದುರಾಳಿ ವ್ಯಾಪಾರ ಶುರು ಮಾಡಬಹುದು. ಆದರೆ ಬೇರೆ ಕರಾರು ಇಲ್ಲದಿದ್ದರೆ ಹಳೆಯ ಫರ್ಮಿನ ಹೆಸರು ಬಳಸುವ ಹಾಗಿಲ್ಲ, ತಾನು ಬಿಡುವ ಮೊದಲು ಆ ಫರ್ಮಿನ ಜೊತೆ ವ್ಯವಹಾರ ಇದ್ದವರ ಹತ್ತಿರ ಹೋಗಿ ವ್ಯಾಪಾರ ಕೇಳುವ ಹಾಗೂ ಇಲ್ಲ. ಇಷ್ಟು ಸಮಯ, ಇಷ್ಟು ಜಾಗದೊಳಗೆ ಎದುರಾಳಿ ವ್ಯಾಪಾರ ಬೇಡ ಎಂದು ಬರೆಸಿಕೊಳ್ಳಬಹುದು, ಅದು ಮಿತಿಯಲ್ಲಿದ್ದರೆ ನಡೆಯುತ್ತದೆ. ಬೇರೆಯವರ ವ್ಯಾಪಾರವನ್ನು ಹೆಸರಿನ ಸಮೇತ ಕೊಂಡುಕೊಂಡಾಗಲೂ ಮಾರಿದವರಿಂದ ಹೀಗೆ ಬರೆಸಿಕೊಳ್ಳಬಹುದು. ನಿಮ್ಮ ಹುಡುಗ ಹೆಸರಿಗೆ ಮಾತ್ರ "ವರ್ಕಿಂಗ್ ಪಾರ್ಟ್‌ನರ್" ಆಗಿದ್ದನಾ, ಕಾಗದದಲ್ಲೂ ಆಗಿದ್ದನಾ, ಅದನ್ನು ಮೊದಲು ನೋಡಿ.

ಸಿಟ್ಟು ಬದಿಗಿಟ್ಟು ಪುರಾವೆ ಹಿಡಿಯಿರಿ

ವಿಷಯ ಗೊತ್ತಾದ ದಿನ ಅವನಿಗೆ ಫೋನ್ ಮಾಡಿ ಬಯ್ಯಬೇಡಿ. ಬೈದರೆ ಸಮಾಧಾನ ಆಗುತ್ತದೆ, ಸಂಜೆಯೊಳಗೆ ಅವನು ಎಲ್ಲವನ್ನೂ ಡಿಲೀಟ್ ಮಾಡುತ್ತಾನೆ.

ನೋಡಬೇಕಾದದ್ದು ಇಷ್ಟು. ಅವನು ಯಾವಾಗ ಶುರು ಮಾಡಿದ? ಅವನ ಒಂದು ಬಿಲ್ ಸಿಕ್ಕರೆ ಅದರಲ್ಲಿ ಜಿಎಸ್‌ಟಿ ನಂಬರ್ ಇದೆಯಾ ನೋಡಿ. ಇದ್ದರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ, ಲಾಗಿನ್ ಕೂಡ ಬೇಡ. ಹೆಸರು, ನೋಂದಣಿ ಆದ ದಿನ ಎಲ್ಲ ಬರುತ್ತದೆ. ಆ ದಿನ ಅವನು ನಿಮ್ಮಲ್ಲಿ ಸಂಬಳ ತೆಗೆದುಕೊಳ್ಳುತ್ತಿದ್ದ ಕಾಲದ್ದಾಗಿದ್ದರೆ ಕೇಸಿನ ಬಣ್ಣವೇ ಬದಲಾಗುತ್ತದೆ. ಕೆಲಸದಲ್ಲಿದ್ದುಕೊಂಡೇ ಎದುರಾಳಿ ವ್ಯಾಪಾರ ಮಾಡಿದ್ದಕ್ಕೆ 27ನೇ ಸೆಕ್ಷನ್ ಸುಲಭವಾಗಿ ರಕ್ಷಣೆ ಕೊಡುವುದಿಲ್ಲ. ಎಷ್ಟೋ ಜನ ನೋಡದೇ ಬಿಡುವ ಪುರಾವೆ ಇದು.

ಮುಂದಿನದು, ಯಾರು ಯಾರಿಗೆ ಫೋನ್ ಮಾಡಿದರು? ಗಿರಾಕಿ ತಾನಾಗಿ ಅವನ ನಂಬರ್‌ಗೆ ಫೋನ್ ಮಾಡಿದ್ದರೆ ಅದು ಎಳೆದದ್ದಲ್ಲ. ಕದ್ರಿಯ ಅಕ್ಕ ಒಬ್ಬರಿಗೆ ಅವನ ಕೆಲಸ ಇಷ್ಟ, ಅವನನ್ನೇ ಕರೆದರು, ಮುಗಿಯಿತು. ಆದರೆ ಅವನೇ "ಸರ್, ನಿಮ್ಮ ಎಎಂಸಿ 15ಕ್ಕೆ ಮುಗಿಯುತ್ತದೆ, ಅಲ್ಲಿ ಕೊಟ್ಟದ್ದಕ್ಕಿಂತ 500 ಕಡಿಮೆ ಮಾಡಿ ಕೊಡುತ್ತೇನೆ" ಎಂದು ವಾಟ್ಸಾಪ್ ಮಾಡಿದ್ದರೆ ಆ ಒಂದು ಮೆಸೇಜಿನಲ್ಲಿ ಮೂರು ವಿಷಯ ಇದೆ. ಅವನಾಗಿಯೇ ಕೇಳಿದ್ದಾನೆ. ರಿನೀವಲ್ ತಾರೀಕು ಗೊತ್ತಿದೆ. ನಿಮ್ಮ ರೇಟ್ ಗೊತ್ತಿದೆ. ಹತ್ತು ಮನೆಯದು ನೆನಪಿರಬಹುದು, ಇನ್ನೂರು ಮನೆಯ ತಾರೀಕು ಯಾರ ತಲೆಯಲ್ಲೂ ಇರುವುದಿಲ್ಲ. ಹಾಗಾಗಿ ಇಂಥ ಮೆಸೇಜು ಒಂದಲ್ಲ, ಬೇರೆ ಬೇರೆ ಏರಿಯಾದ್ದು ಕೆಲವು ಬೇಕು. ಕದ್ರಿಯದ್ದೊಂದು, ಬಜ್ಪೆಯದ್ದೊಂದು, ಕಾಪುವಿನದ್ದೊಂದು ಇದ್ದರೆ "ಪರಿಚಯದವರಿಗೆ ಮಾಡಿದೆ" ಎನ್ನುವ ಮಾತು ನಿಲ್ಲುವುದಿಲ್ಲ.

ಅವನು ಏನು ಹೇಳಿದ ಎನ್ನುವುದೂ ಮುಖ್ಯ. "ಅವರು ಅಂಗಡಿ ಮುಚ್ಚುತ್ತಿದ್ದಾರೆ" ಅಂದನಾ? "ನಾನು ಅವರ ಕಡೆಯಿಂದಲೇ" ಅಂದನಾ? ನಿಮ್ಮ ಹೆಸರು ಹಾಕಿದ ರಸೀದಿ ಕೊಟ್ಟನಾ? ಇದು ಬರೀ ಪೈಪೋಟಿ ಅಲ್ಲ, ಮೋಸ. ಇದಕ್ಕೆ ಅಗ್ರಿಮೆಂಟ್ ಇಲ್ಲದಿದ್ದರೂ ದಾರಿ ಉಂಟು.

ಸ್ಕ್ರೀನ್‌ಶಾಟ್ ಒಂದನ್ನೇ ನಂಬಬೇಡಿ. 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯ್ದೆಯ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಅದರ 63ನೇ ಸೆಕ್ಷನ್ ಪ್ರಕಾರ ಫೋನಿನ, ಕಂಪ್ಯೂಟರಿನ ದಾಖಲೆಯ ಪ್ರತಿ ಕೋರ್ಟಿಗೆ ಕೊಡಬೇಕಾದರೆ ಜೊತೆಗೆ ಪ್ರಮಾಣಪತ್ರ ಬೇಕು. ಅದರಲ್ಲಿ ಒಂದು ಭಾಗ ದಾಖಲೆ ಕೊಡುವವರದ್ದು, ಇನ್ನೊಂದು ಭಾಗ ತಜ್ಞರದ್ದು. ಅದಕ್ಕೆ ಮೂಲ ಮೆಸೇಜ್ ಯಾವ ಫೋನಿನಲ್ಲಿ ಬಂತೋ ಅದು ಹಾಗೇ ಇರುವುದು ಒಳ್ಳೆಯದು. ಗಿರಾಕಿಗೆ "ಡಿಲೀಟ್ ಮಾಡಬೇಡಿ ಶೆಟ್ರೆ, ಹಾಗೇ ಇಟ್ಟುಕೊಳ್ಳಿ" ಎಂದು ಹೇಳಿ. "ಸಾಕ್ಷಿ ಹೇಳಲು ಬರುತ್ತೀರಾ" ಎಂದು ಮಾತ್ರ ಈಗಲೇ ಕೇಳಬೇಡಿ. ಕೋರ್ಟ್ ಎಂಬ ಶಬ್ದ ಕೇಳಿದರೆ ಒಳ್ಳೆಯ ಗಿರಾಕಿಯೂ ನಾಳೆಯಿಂದ ಫೋನ್ ಎತ್ತುವುದಿಲ್ಲ.

ಆಫೀಸಿನ ಕಂಪ್ಯೂಟರ್ ಅವನು ಬಳಸುತ್ತಿದ್ದದ್ದಾದರೆ ಫಾರ್ಮ್ಯಾಟ್ ಮಾಡಿ ಹೊಸ ಹುಡುಗನಿಗೆ ಕೊಡಬೇಡಿ. ಪೆನ್‌ಡ್ರೈವ್ ಹಾಕಿದ್ದು, ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಿಂದ ಎಕ್ಸೆಲ್‌ಗೆ ಇಳಿಸಿದ್ದು, ಆಫೀಸ್ ಇಮೇಲ್‌ನಿಂದ ಸ್ವಂತ ಇಮೇಲ್‌ಗೆ ಕಳಿಸಿದ್ದು, ಇದರ ಗುರುತು ಅಲ್ಲೇ ಇರುತ್ತದೆ. ಇಮೇಲ್ ಸರ್ವಿಸ್‌ಗಳಲ್ಲಿ ಲಾಗ್ ಶಾಶ್ವತ ಇರುವುದಿಲ್ಲ, ಬೇಗ ಇಳಿಸಿಡಿ. ಆದರೆ ಅವನು ಲಾಗೌಟ್ ಮಾಡದೆ ಬಿಟ್ಟ ಸ್ವಂತ ಜಿಮೇಲ್ ಅಥವಾ ವಾಟ್ಸಾಪ್ ವೆಬ್ ಕಾಣಿಸಿದರೆ ಮುಟ್ಟಲೇಬೇಡಿ. ಅದನ್ನು ಓದಿದರೆ ಐಟಿ ಕಾಯ್ದೆ ನಿಮ್ಮ ಕುತ್ತಿಗೆಗೇ ಬರುತ್ತದೆ.

ಗಿರಾಕಿಗಳ ಹತ್ತಿರ ನೀವೇ ಮೊದಲು ಹೋಗಿ

ದುಡ್ಡು ಉಳಿಯುವುದು ಇಲ್ಲಿ, ಕೋರ್ಟಿನಲ್ಲಲ್ಲ. ಅವನು ಬಿಟ್ಟ ವಾರವೇ, ಅವನು ನೋಡಿಕೊಳ್ಳುತ್ತಿದ್ದ ಪ್ರತಿಯೊಬ್ಬ ಗಿರಾಕಿಗೂ ನೀವೇ ಫೋನ್ ಮಾಡಿ. ರಿಸೆಪ್ಷನ್ ಹುಡುಗಿ ಅಲ್ಲ, ನೀವು. ದೊಡ್ಡವರ ಹತ್ತಿರ, ಅಂದರೆ ಅಪಾರ್ಟ್‌ಮೆಂಟ್, ಆಸ್ಪತ್ರೆ, ಗೇರುಬೀಜದ ಫ್ಯಾಕ್ಟರಿ, ಮಲ್ಪೆಯ ಐಸ್ ಪ್ಲಾಂಟ್, ಇಂಥವರ ಹತ್ತಿರ ಖುದ್ದು ಹೋಗಿ, ಹೊಸ ಹುಡುಗನನ್ನು ಕರೆದುಕೊಂಡು ಹೋಗಿ. ಹೇಳುವುದು ಇಷ್ಟೇ ಸಾಕು: "ಇಷ್ಟು ದಿನ ಬರುತ್ತಿದ್ದವನು ಈಗ ನಮ್ಮಲ್ಲಿಲ್ಲ. ಇನ್ನು ಇವನು ಬರುತ್ತಾನೆ. ನಿಮ್ಮ ಎಎಂಸಿ ಇಂಥ ದಿನದವರೆಗೆ ಇದೆ, ಈ ನಂಬರ್ ಆಫೀಸಿನದ್ದು. ದುಡ್ಡು ಈ ಕ್ಯೂಆರ್‌ಗೆ ಮಾತ್ರ ಹಾಕಿ."

ಅವನ ಬಗ್ಗೆ ಒಂದು ಕೆಟ್ಟ ಮಾತೂ ಬೇಡ. ನೀವು ಬೈಯಲು ಶುರು ಮಾಡಿದ ಕೂಡಲೇ ಎದುರಿಗಿದ್ದವರು "ಆಯೆ ಎಡ್ಡೆ ಜನ" (ಅವನು ಒಳ್ಳೆಯವನು) ಎಂದು ಅವನ ಪರ ನಿಲ್ಲುತ್ತಾರೆ. ಮನೆಗೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಏಣಿ ಹತ್ತಿ, ಕೊಟ್ಟ ಚಹಾ ಕುಡಿದು ಹೋದದ್ದು ಅವನು. ನಿಮ್ಮ ಮುಖವನ್ನು ಅವರು ನೋಡಿರುವುದೇ ಅಪರೂಪ. ನಿಜ ಹೇಳಬೇಕೆಂದರೆ, ಎಷ್ಟೋ ಗಿರಾಕಿಗಳು ಹೋಗುವುದಕ್ಕೆ ಕಾರಣ ಆ ಹುಡುಗ ಎಳೆದದ್ದಲ್ಲ, ನಾವು ವರ್ಷಕ್ಕೊಮ್ಮೆ ದುಡ್ಡಿಗೆ ಮಾತ್ರ ಫೋನ್ ಮಾಡುವುದು.

ರೇಟ್ ಇಳಿಸಿ ಉಳಿಸಿಕೊಳ್ಳಲು ಹೋಗಬೇಡಿ. ಅವನಿಗೆ ಬಾಡಿಗೆ ಇಲ್ಲ, ಸಂಬಳ ಕೊಡುವುದಿಲ್ಲ, ಹಾಗಾಗಿ ಅವನು ಇನ್ನೂ ಇಳಿಸುತ್ತಾನೆ. ಅವನ ಕೈಯಲ್ಲಿ ಇಲ್ಲದ್ದನ್ನು ಹೇಳಿ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಡಿವಿಆರ್ (ಕ್ಯಾಮೆರಾದ ರೆಕಾರ್ಡರ್) ಹೋಯಿತು ಅನ್ನಿ, ರಿಪೇರಿ ಆಗುವವರೆಗೆ ಬದಲಿ ಡಿವಿಆರ್ ಕೊಡುವವರು ಯಾರು? ಒಂದೇ ರಾತ್ರಿ ಮೂವತ್ತು ಮನೆಯ ಕ್ಯಾಮೆರಾ ಹೋದರೆ ಒಬ್ಬನೇ ಎಲ್ಲಿಗೆ ಓಡುತ್ತಾನೆ? ಬದಲಿ ಸೆಟ್ ಎರಡು ಜಾಸ್ತಿ ಇಟ್ಟುಕೊಳ್ಳಿ, ವಕೀಲರ ಫೀಸಿಗಿಂತ ಕಮ್ಮಿಗೆ ಆಗುತ್ತದೆ.

ನೋಟಿಸ್ ಬರೆಯುವಾಗ

ಮೊದಲ ಕಾಗದ ನೀವೇ ಬರೆಯಬಹುದು. ಮರ್ಯಾದೆಯಲ್ಲಿ ಬರೆಯಿರಿ, ನಾಳೆ ಅದೇ ಕಾಗದ ನ್ಯಾಯಾಧೀಶರ ಮುಂದೆ ಇರುತ್ತದೆ. ಹೀಗೆ:

"ನೀವು ಇಂಥ ದಿನದಿಂದ ಇಂಥ ದಿನದವರೆಗೆ ನಮ್ಮಲ್ಲಿ ಕೆಲಸ ಮಾಡಿದ್ದೀರಿ. ಸಂಸ್ಥೆಯ ಗಿರಾಕಿಗಳ ಪಟ್ಟಿ, ರಿನೀವಲ್ ದಿನಾಂಕ, ದರಗಳು ಗೌಪ್ಯ ಎಂದು ನೇಮಕಾತಿ ಪತ್ರದಲ್ಲಿ ಒಪ್ಪಿದ್ದೀರಿ. ಆ ಮಾಹಿತಿ ಬಳಸಿ ನಮ್ಮ ಗಿರಾಕಿಗಳಿಗೆ ಮೆಸೇಜ್ ಕಳಿಸಿರುವುದು ತಿಳಿದುಬಂದಿದೆ. ನಿಮ್ಮ ಬಳಿ ಇರುವ ಎಲ್ಲ ಪ್ರತಿಗಳನ್ನು 7 ದಿನದೊಳಗೆ ಹಿಂದಿರುಗಿಸಿ, ಇನ್ನು ಬಳಸುವುದಿಲ್ಲ ಎಂದು ಬರೆದು ಕೊಡಿ. ನೀವು ಬೇರೆ ಕಡೆ ಕೆಲಸ ಮಾಡುವುದಕ್ಕೆ ನಮ್ಮ ಆಕ್ಷೇಪ ಇಲ್ಲ."

ಕೊನೆಯ ಆ ಸಾಲು ಬಿಡಬೇಡಿ. ನೀವು ಅವನ ಹೊಟ್ಟೆ ಮೇಲೆ ಹೊಡೆಯುತ್ತಿಲ್ಲ, ನಿಮ್ಮ ಪಟ್ಟಿ ಮಾತ್ರ ಕೇಳುತ್ತಿದ್ದೀರಿ ಎಂದು ಅದು ತೋರಿಸುತ್ತದೆ. ನಿಮ್ಮ ಹತ್ತಿರ ಎಷ್ಟು ಪುರಾವೆ ಇದೆ, ಯಾವ ಗಿರಾಕಿ ಹೇಳಿದರು, ಅದನ್ನು ಕಾಗದದಲ್ಲಿ ಬರೆಯಬೇಡಿ. ಮೊದಲಾದರೆ ರಿಜಿಸ್ಟರ್ಡ್ ಪೋಸ್ಟ್ ಎನ್ನುತ್ತಿದ್ದೆವು, 2025ರಿಂದ ಅದು ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ. ತಲುಪಿದ್ದಕ್ಕೆ ದಾಖಲೆ ಸಿಗುವ ಹಾಗೆ ಕಳಿಸಿ. ಅವನು ಬೇರೆ ಕಂಪನಿ ಸೇರಿದ್ದರೆ ಆ ಕಂಪನಿಗೂ ಒಂದು ಚಿಕ್ಕ ಕಾಗದ ಹಾಕಬಹುದು, "ನಮ್ಮ ಪಟ್ಟಿ ನಿಮ್ಮಲ್ಲಿ ಬಳಕೆ ಆಗದಂತೆ ನೋಡಿಕೊಳ್ಳಿ" ಎಂದು ಮಾತ್ರ. ಕಂಪನಿ ದೊಡ್ಡದಾದಷ್ಟೂ ಇದಕ್ಕೆ ಹೆದರುವುದು ಜಾಸ್ತಿ.

ಇಷ್ಟಕ್ಕೂ ನಿಲ್ಲದಿದ್ದರೆ ವಕೀಲರು ತಡೆಯಾಜ್ಞೆ ಕೇಳಿ ದಾವೆ ಹಾಕುತ್ತಾರೆ. ಮೇಲ್ನೋಟಕ್ಕೆ ನಿಮ್ಮ ಕಡೆ ಹುರುಳಿದೆಯಾ, ತಡೆಯದಿದ್ದರೆ ಆಮೇಲೆ ದುಡ್ಡಿನಿಂದ ಸರಿಮಾಡಲಾಗದ ನಷ್ಟ ಆಗುತ್ತದಾ, ಯಾರಿಗೆ ತೊಂದರೆ ಜಾಸ್ತಿ, ಇಷ್ಟು ಕೋರ್ಟ್ ನೋಡುತ್ತದೆ. ಗೊತ್ತಾಗಿ ಆರು ತಿಂಗಳು ಸುಮ್ನೆ ಕೂತು ಆಮೇಲೆ ಅವಸರ ಎಂದರೆ ಯಾರೂ ನಂಬುವುದಿಲ್ಲ. ನಷ್ಟ ಪರಿಹಾರದ ದಾವೆಗೆ ಮೂರು ವರ್ಷ ಸಮಯ ಉಂಟು, ತಡೆಯಾಜ್ಞೆಗೆ ವಾರಗಳ ಲೆಕ್ಕ. ಡೇಟಾ ಕದ್ದದ್ದು ಸ್ಪಷ್ಟ ಇದ್ದರೆ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು. ಪುರಾವೆ ಇಲ್ಲದೆ ಹೋದರೆ "ಇದು ಸಿವಿಲ್ ವಿಷಯ, ಕೋರ್ಟಿಗೆ ಹೋಗಿ" ಎನ್ನುತ್ತಾರೆ. ಅದು ತಪ್ಪೂ ಅಲ್ಲ.

ದಯವಿಟ್ಟು ಇವನ್ನು ಮಾಡಬೇಡಿ

ಕೊನೆಯ ತಿಂಗಳ ಸಂಬಳ ಹಿಡಿದಿಡುವುದು, ಮಾರ್ಕ್ಸ್ ಕಾರ್ಡ್ ಬೀರುವಿನಲ್ಲಿಟ್ಟು ಕೊಡದೇ ಇರುವುದು, ಸೇರುವಾಗ ಸಹಿ ಮಾಡಿಸಿಟ್ಟ ಖಾಲಿ ಚೆಕ್ಕನ್ನು ಈಗ ಬ್ಯಾಂಕಿಗೆ ಹಾಕುವುದು. ಇದೆಲ್ಲ ನಮ್ಮ ಊರಲ್ಲಿ ಇನ್ನೂ ನಡೆಯುತ್ತದೆ, ಮತ್ತು ಸರಿ ಇರುವ ಕೇಸನ್ನು ಹಾಳು ಮಾಡುವುದು ಇದೇ. ಐದು ವರ್ಷ ಆದವನ ಗ್ರಾಚ್ಯುಟಿಯನ್ನು "ಗಿರಾಕಿ ಎಳೆದ" ಎನ್ನುವ ಸಿಟ್ಟಿಗೆ ತಡೆಯಲು ಬರುವುದಿಲ್ಲ.

ಇನ್ನೊಂದು, ಅವನ ಫೋಟೋ ಹಾಕಿ ವಾಟ್ಸಾಪ್ ಸ್ಟೇಟಸ್‌ನಲ್ಲಿ "ಈ ವ್ಯಕ್ತಿ ಮೋಸಗಾರ, ಎಚ್ಚರ" ಎಂದು ಬರೆಯುವುದು. ಮಾನನಷ್ಟಕ್ಕೆ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್‌ನಲ್ಲಿ ಎರಡು ವರ್ಷದವರೆಗೆ ಶಿಕ್ಷೆ ಇದೆ. ಪೇಪರ್‌ನಲ್ಲಿ ಜಾಹೀರಾತು ಕೊಡಲೇಬೇಕಾದರೆ "ಇಂಥವರು ಇಂಥ ದಿನದಿಂದ ನಮ್ಮ ಸಂಸ್ಥೆಯಲ್ಲಿಲ್ಲ, ಅವರ ಜೊತೆಗಿನ ವ್ಯವಹಾರಕ್ಕೆ ಸಂಸ್ಥೆ ಹೊಣೆಯಲ್ಲ" ಎಂಬಲ್ಲಿಗೆ ನಿಲ್ಲಿಸಿ.

ರಾಜಿ ಕೂಡ ಒಂದು ದಾರಿ

ಇದು ಬೆಂಗಳೂರಲ್ಲ. ಅವನ ಅಪ್ಪ ನಿಮ್ಮ ಊರಿನ ದೈವಸ್ಥಾನದ ಸಮಿತಿಯಲ್ಲಿರುತ್ತಾರೆ, ನಿಮ್ಮ ಮಗಳ ಮದುವೆಗೆ ಅವನ ಮನೆಯವರು ಬರುತ್ತಾರೆ. ಇಬ್ಬರಿಗೂ ಬೇಕಾದ ಹಿರಿಯರೊಬ್ಬರನ್ನು ಕೂರಿಸಿಕೊಂಡು ಮಾತಾಡಿದರೆ ಅರ್ಧ ಕೇಸುಗಳು ಅಲ್ಲೇ ಮುಗಿಯುತ್ತವೆ. ಮಾತು ಮುಗಿದ ಮೇಲೆ ಮಾತ್ರ ಕಾಗದ ಆಗಲೇಬೇಕು. ಇಂಥಿಂಥ ಗಿರಾಕಿಗಳ ಹತ್ತಿರ ತಾನಾಗಿ ಒಂದು ವರ್ಷ ಹೋಗುವುದಿಲ್ಲ ಎಂದು ಅವನು, ಬಾಕಿ ಎಲ್ಲ ಕೊಟ್ಟಿದ್ದೇನೆ ಎಂದು ನೀವು. ಹೆಸರುಗಳನ್ನು ಬರೆಯಿರಿ, "ಎಲ್ಲ ಗಿರಾಕಿಗಳು" ಎಂದರೆ ಯಾರೂ ಅಲ್ಲ ಎಂದಾಗುತ್ತದೆ.

ಕೆಲವೊಮ್ಮೆ ಇನ್ನೂ ಒಳ್ಳೆಯ ದಾರಿ ಇದೆ. ಮೂಲ್ಕಿ, ಹೆಜಮಾಡಿ ಕಡೆಗೆ ನಿಮ್ಮ ಹುಡುಗರು ಹೋಗಿ ಬರುವುದೇ ನಷ್ಟ ಎಂದಾದರೆ ಆ ಕಡೆಯ ಸರ್ವಿಸ್ ಅವನಿಗೇ ಕಾಂಟ್ರಾಕ್ಟ್ ಕೊಡಿ. ಬಿಲ್ ನಿಮ್ಮದು, ಪ್ರತಿ ವಿಸಿಟ್‌ಗೆ ಇಷ್ಟು ಅಂತ ಅವನಿಗೆ. ಅಹಂಕಾರ ಸ್ವಲ್ಪ ನುಂಗಬೇಕಾಗುತ್ತದೆ, ಅಷ್ಟೇ.

ಮುಂದಿನ ಹುಡುಗ ಬರುವ ಮೊದಲು

ಎಲ್ಲಕ್ಕಿಂತ ಮೊದಲು ಸಿಮ್. ಫೀಲ್ಡ್ ಹುಡುಗರಿಗೆ ಕಂಪನಿ ಹೆಸರಿನ ಸಿಮ್ ಕೊಡಿ, ಗಿರಾಕಿಗಳ ಫೋನಿನಲ್ಲಿ ಸೇವ್ ಆಗುವುದು ಆ ನಂಬರ್ ಆಗಿರಲಿ. ಬಿಟ್ಟಾಗ ಸಿಮ್ ವಾಪಸ್ ಬರುತ್ತದೆ, ಅದರ ವಾಟ್ಸಾಪ್ ಕೂಡ. ತಿಂಗಳಿಗೆ ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಸ್ವಂತ ನಂಬರ್ ಕೊಡಲು ಬಿಟ್ಟರೆ ಆ ಸಂಬಂಧ ಪೂರ್ತಿ ಅವನದ್ದೇ. ಮೆಷಿನ್ ಮೇಲೆ ಅಂಟಿಸುವ ಸ್ಟಿಕ್ಕರ್‌ನಲ್ಲೂ ಆಫೀಸ್ ನಂಬರ್ ಮಾತ್ರ ಇರಲಿ. ಬಿಡುವ ತಯಾರಿಯಲ್ಲಿರುವವನು ಮೊದಲು ಅಂಟಿಸುವುದು ತನ್ನ ಸ್ಟಿಕ್ಕರ್, ಹಾಗಾಗಿ ಆಗೊಮ್ಮೆ ಈಗೊಮ್ಮೆ ನೀವೇ ಒಂದು ರೌಂಡ್ ಹೊಡೆದು ನೋಡಿ.

ಪೂರ್ತಿ ಪಟ್ಟಿ ಯಾರ ಕೈಗೂ ಬೇಡ. ದಿನದ ಕೆಲಸದ ಎಂಟು ವಿಳಾಸ ಬೆಳಿಗ್ಗೆ ಕೊಟ್ಟರೆ ಸಾಕು. ಟ್ಯಾಲಿಯಲ್ಲಿ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇದ್ದರೆ ಯಾರು ಇಳಿಸಿಕೊಂಡರು ಎಂದು ಮುಂದೆ ಹೇಳಲು ಆಗುವುದಿಲ್ಲ. ಒಬ್ಬೊಬ್ಬರಿಗೆ ಬೇರೆ ಬೇರೆ ಲಾಗಿನ್ ಮಾಡಿ.

ಇನ್ನೊಂದು ಉಪಾಯ ಹೇಳುತ್ತೇನೆ, ಇದು ಮೇಲ್ ಆರ್ಡರ್ ಕಾಲದ್ದು. ಪಟ್ಟಿಯಲ್ಲಿ ಎರಡು ಮೂರು ಸುಳ್ಳು ಗಿರಾಕಿಗಳನ್ನು ಸೇರಿಸಿ. ನಿಮ್ಮ ಭಾವನದ್ದೋ, ಅತ್ತಿಗೆಯದ್ದೋ ನಂಬರ್, ಹೆಸರಿನ ಸ್ಪೆಲಿಂಗ್ ಬೇಕೆಂದೇ ವಿಚಿತ್ರವಾಗಿರಲಿ, ಎಂದೂ ಯಾರೂ ಹೋಗದ ವಿಳಾಸ ಇರಲಿ. ಆ ನಂಬರ್‌ಗೆ, ಆ ಸ್ಪೆಲಿಂಗ್‌ನಲ್ಲಿ "ನಿಮ್ಮ ಎಎಂಸಿ ಮುಗಿಯುತ್ತಿದೆ" ಎಂದು ಮೆಸೇಜ್ ಬಂದರೆ ಅದು ಪಟ್ಟಿಯಿಂದಲ್ಲದೆ ಬೇರೆ ಎಲ್ಲಿಂದ ಬರಲು ಸಾಧ್ಯ? ಆಗ ಸಾಕ್ಷಿಯೂ ಮನೆಯವರೇ, ಫೋನೂ ಕೈಯಲ್ಲೇ.

ನೇಮಕಾತಿ ಪತ್ರದಲ್ಲಿ "ಎದುರಾಳಿ ಕೆಲಸ ಮಾಡಬಾರದು" ಎಂದು ಅರ್ಧ ಪುಟ ಬರೆಸುವ ಬದಲು ಮೂರು ವಿಷಯ ಸರಳವಾಗಿ ಬರೆಸಿ. ಕೆಲಸದಲ್ಲಿ ಇರುವಾಗ ಬೇರೆಯವರಿಗೆ ಅಥವಾ ತನಗಾಗಿ ಇದೇ ಕೆಲಸ ಮಾಡುವುದಿಲ್ಲ. ಗಿರಾಕಿಗಳ ಪಟ್ಟಿ, ದರ, ತಾರೀಕು ಗೌಪ್ಯ, ಬಿಡುವಾಗ ಎಲ್ಲ ವಾಪಸ್. ಬಿಟ್ಟ ಮೇಲೆ ಒಂದು ವರ್ಷ, ಕೊನೆಯ ವರ್ಷದಲ್ಲಿ ತಾನೇ ಹೋಗಿ ಕೆಲಸ ಮಾಡಿದ ಗಿರಾಕಿಗಳ ಹತ್ತಿರ ತಾನಾಗಿ ಹೋಗಿ ವ್ಯಾಪಾರ ಕೇಳುವುದಿಲ್ಲ. ಮೂರನೆಯದು ನಿಲ್ಲುತ್ತದೆ ಎಂಬ ಖಾತ್ರಿ ಇಲ್ಲ, ಮೊದಲ ಎರಡರ ಬಲ ಜಾಸ್ತಿ. ಅವನಿಗೆ ಓದಿ ಅರ್ಥ ಆಗುವ ಭಾಷೆಯಲ್ಲಿ, ಕನ್ನಡದಲ್ಲೇ ಇರಲಿ.

ಕೆಲಸ ಬಿಡುವ ಹುಡುಗರಿಗೆ

ನಿಮಗೆ ದುಡಿಯುವ ಹಕ್ಕಿದೆ, ಕಲಿತ ಕೆಲಸ ನಿಮ್ಮದು, ಹೆದರಬೇಡಿ. ಆದರೆ ಪಟ್ಟಿ ತರಬೇಡಿ. ಫೋಟೋ ಹೊಡೆದುಕೊಂಡದ್ದು, ಸ್ವಂತ ಜಿಮೇಲ್‌ಗೆ ಕಳಿಸಿದ್ದು ಎಲ್ಲ ಸಿಕ್ಕಿಬೀಳುತ್ತದೆ. ರಾಜೀನಾಮೆ ಕೊಡುವ ಮೊದಲು ಗಿರಾಕಿಗಳ ಹತ್ತಿರ "ನಾನು ಸ್ವಂತ ಶುರು ಮಾಡುತ್ತಿದ್ದೇನೆ" ಎಂದು ಹೇಳಿಕೊಂಡು ತಿರುಗಬೇಡಿ, ಜಿಎಸ್‌ಟಿ ನೋಂದಣಿಯೂ ಬಿಟ್ಟ ಮೇಲೆ ಆಗಲಿ. ಬಿಟ್ಟ ಮೇಲೆ ಬೋರ್ಡ್ ಹಾಕಿ, ಪ್ಯಾಂಪ್ಲೆಟ್ ಹಂಚಿ, ಇನ್‌ಸ್ಟಾಗ್ರಾಂನಲ್ಲಿ ಹಾಕಿ. ಊರಿಗೆಲ್ಲ ಹೇಳಿದ್ದು ಒಬ್ಬರನ್ನು ಎಳೆದದ್ದಾಗುವುದಿಲ್ಲ. ಹಳೆಯ ಗಿರಾಕಿ ತಾನಾಗಿ ಕರೆದರೆ ಆ ಕಾಲ್, ಆ ಮೆಸೇಜ್ ಉಳಿಸಿಕೊಳ್ಳಿ, ಅದೇ ನಿಮ್ಮ ರಕ್ಷಣೆ. ಸಿಎ ಆಫೀಸಿನಿಂದ ಹೊರಬಂದು ಸ್ವಂತ ಪ್ರಾಕ್ಟೀಸ್ ಮಾಡುವವರಿಗೆ ನಿಯಮ ಇನ್ನೂ ಬಿಗಿ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಮೊದಲ ಷೆಡ್ಯೂಲ್ ಪ್ರಕಾರ ಗಿರಾಕಿಗಳನ್ನು ಕೇಳಿಕೊಂಡು ಹೋಗುವುದೇ ದುರ್ನಡತೆ. ಹಿಂದಿನ ಆಡಿಟರ್‌ಗೆ ಬರೆದು ತಿಳಿಸದೆ ಆಡಿಟ್ ಒಪ್ಪಿಕೊಳ್ಳುವುದೂ ತಪ್ಪು.

ಮಾಲೀಕರು ಕೋರ್ಟಿಗೆ ಹೋಗುತ್ತಾರೆ ಎಂಬ ಸುಳಿವು ಸಿಕ್ಕರೆ ವಕೀಲರಿಗೆ ಹೇಳಿ ಕೇವಿಯಟ್ ಹಾಕಿಸಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಪ್ರಕಾರ ಹಾಕುವ ಇದು 90 ದಿನ ನಡೆಯುತ್ತದೆ. ಅಷ್ಟರೊಳಗೆ ನಿಮ್ಮ ಮಾತು ಕೇಳದೆ ತಡೆಯಾಜ್ಞೆ ಕೊಡಬೇಡಿ ಎನ್ನುವುದು ಇದರ ಸಾರ. ಅವರ ಆಫೀಸು ಮಂಗಳೂರು, ನಿಮ್ಮ ಮನೆ ಕಾಪು ಅಥವಾ ಉಡುಪಿ ಎಂದಾದರೆ ಎರಡೂ ಕಡೆಯ ಕೋರ್ಟಿನಲ್ಲಿ ಹಾಕಬೇಕಾ ಎಂದು ವಕೀಲರನ್ನು ಕೇಳಿ, ಮತ್ತು 90 ದಿನ ಮುಗಿಯುವ ತಾರೀಕನ್ನು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿಡಿ.